ತಲೆ ತುಂಬ ಹೇನಿದ್ದ ಸುಗ್ಗಿ

ಆಗೆಲ್ಲ ಸಿಂಧನೂರಿನ ನಮ್ಮ ಓಣಿಯಲ್ಲಿ ಸಂಜೆಯಾದರೆ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಒಬ್ಬರ ಹಿಂದೊಬ್ಬರು ಕೂತು ತಲೆ ನೋಡಿಸಿಕೊಳ್ಳುತ್ತಿದ್ದರು. ಒಂದೆರಡು ಹೇನಿಲ್ಲದ ತಲೆಯೇ ಇರಲಿಲ್ಲ, ಹಾಗಾಗಿ ಯಾರಿಗೂ ಅದೊಂದು ನಾಚಿಕೆಯ ಸಂಗತಿ ಅನ್ನಿಸುತ್ತಿರಲಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಅವ್ವ ತೀರಿಕೊಂಡ ಆ ಭತ್ತದ ಸುಗ್ಗಿಯಲ್ಲಿ ಮಾತ್ರ, ನನ್ನ ತಲೆಯೇ ನನಗೆ ಹೇಸಿಗೆಯಾಯಿತು.

ಅವ್ವನಿಗೆ ಕಾಮಾಲೆ ಆಗಿತ್ತು. ಹದಿನೈದು ದಿನದಲ್ಲಿ ಹೋಗಿಬಿಟ್ಟಳು. ಅಪ್ಪ ಭತ್ತ ಕೊಯ್ಯುವ ಮಷೀನುಗಳನ್ನು ರಿಪೇರಿ ಮಾಡುತ್ತಿದ್ದ. ವಳಕಮದಿನ್ನಿ ಕಡೆ ಗದ್ದೆಯಲ್ಲಿ ಮಷೀನು ಕೆಟ್ಟು ನಿಂತಿದೆ ಎಂದು ಫೋನು ಬಂದಾಗ, ಕಾರ್ಯ ಮುಗಿದು ಎರಡು ದಿನವೂ ಆಗಿರಲಿಲ್ಲ, ಹೊರಟುಹೋದ. ಅವನ ಅಕ್ಕ, ಪಾಮನಕಲ್ಲೂರಿನ ನಮ್ಮ ಅತ್ತೆ, ನನ್ನನ್ನು ನೋಡಿಕೊಳ್ಳಲು ಉಳಿದಳು.

ಮಾತಾಡಿಸಲು ಜನ ಬರುತ್ತಲೇ ಇದ್ದರು. ಹೆಂಗಸರು ಹೊಸ್ತಿಲಲ್ಲೇ ಅಳು ತೆಗೆದು, ನನ್ನನ್ನು ಎಳೆದು ಎದೆಗೆ ಒತ್ತಿಕೊಳ್ಳುತ್ತಿದ್ದರು. ಬೆವರು, ತಂಬಾಕು, ಹಳೆಯ ಕೊಬ್ಬರಿ ಎಣ್ಣೆಯ ಕಮಟು. ಅವರ ಮೂಗಿನ ನೀರು ನನ್ನ ಕೆನ್ನೆಗೆ ಹತ್ತುತ್ತಿತ್ತು. ಹತ್ತು ನಿಮಿಷ ಆದ ಮೇಲೆ ಕಣ್ಣೊರೆಸಿಕೊಂಡು ಚಹಾಕ್ಕೆ ಕೂರುತ್ತಿದ್ದರು.

"ಸಕ್ಕರಿ ಕಡಿಮಿ ಆಗ್ಯಾದ ನೋಡು," ಎಂದಳು ಒಬ್ಬಾಕೆ. ಕಪ್ಪು ಕೆಳಗಿಡುವ ಮೊದಲೇ ಅತ್ತೆಯ ಕಿವಿಯ ಹತ್ತಿರ ಬಾಗಿ, "ನಿನ್ನ ತಮ್ಮಗ ಇನ್ನೂ ವಯಸ್ಸೈತಿ. ಮಸ್ಕಿ ಊರಾಗ ನಮ್ಮ ಪೈಕಿ ಒಂದು ಹುಡುಗಿ ಐತಿ," ಎಂದಳು. ಅವ್ವನ ಸೀರೆ ಇನ್ನೂ ಹಗ್ಗದ ಮೇಲಿತ್ತು.

ಬಂದವರೆಲ್ಲ ಬಾಳೆಹಣ್ಣು ತರುತ್ತಿದ್ದರು. ಮೂಲೆಯ ಬುಟ್ಟಿಯಲ್ಲಿ ಅವು ಕಪ್ಪಾಗಿ, ಒಡೆದು, ನೊಣ ಕೂತು, ಮನೆಯೆಲ್ಲ ಹುಳಿನಾತ. ಚೆಲ್ಲಿದರೆ ಪಾಪ ಎಂದು ಅತ್ತೆ ದಿನಾ ಬೆಳಿಗ್ಗೆ ನನಗೇ ತಿನ್ನಿಸುತ್ತಿದ್ದಳು.

ಆದರೆ ನನ್ನ ತಲೆಯನ್ನು ಅವಳು ಮುಟ್ಟಲಿಲ್ಲ. ಯಾರೋ ಒಮ್ಮೆ ಬಿಗಿಯಾಗಿ ಕಟ್ಟಿದ ಜಡೆ ವಾರಗಟ್ಟಲೆ ಹಾಗೇ ಇರುತ್ತಿತ್ತು. ಕತ್ತಿನ ಹಿಂದೆ ಹುಣ್ಣಾಗಿ ಕೀವು ಬಂತು. ತಲೆದಿಂಬು ನಾರುತ್ತಿತ್ತು. ಸಾಲೆಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಒಂದು ಹೇನು ನೋಟುಬುಕ್ಕಿನ ಮೇಲೆ ಬಿತ್ತು. ಉಗುರಿನಿಂದ ಒತ್ತಿದೆ. ಹಾಳೆಯ ಮೇಲೆ ರಕ್ತದ ಚುಕ್ಕೆ ಉಳಿಯಿತು. ಪಕ್ಕದ ಹುಡುಗಿ ಅದನ್ನು ನೋಡಿ, ಚೀಲ ಎತ್ತಿಕೊಂಡು ಹಿಂದಿನ ಸಾಲಿಗೆ ಹೋದಳು. ಎದೆಗೆ ಒತ್ತಿಕೊಂಡು ಅತ್ತಿದ್ದ ಹೆಂಗಸರೂ ಈಗ, "ಅಲ್ಲೇ ಕೂಡಬೇ, ನಮ್ಮ ಹುಡುಗ್ರಿಗೆ ಹತ್ತ್ಯಾವು," ಎನ್ನುತ್ತಿದ್ದರು. ಅವ್ವನಿಗಾಗಿ ಅಳಬೇಕಾದ ಹೊತ್ತಿನಲ್ಲಿ ನಾನು ಗೋಡೆಗೆ ಕತ್ತು ಉಜ್ಜುತ್ತಾ ನಿಂತಿರುತ್ತಿದ್ದೆ.

"ಬೋಳಿಸಿಬಿಡು ತಮ್ಮಾ. ನಾಳೆ ಕಟಿಂಗ್ ಅಂಗಡಿಗೆ ಕರಕೊಂಡು ಹೋಗು," ಎಂದಳು ಅತ್ತೆ ಒಂದು ಸಂಜೆ, ಗದ್ದೆಯಿಂದ ಮರಳಿದ ಅಪ್ಪನಿಗೆ. ಅಪ್ಪ ಉಗುರಿನ ಸಂದಿಯ ಗ್ರೀಸು ಕೆರೆಯುತ್ತಾ ಕೂತ. ನಾನು ಎದ್ದು ಪಕ್ಕದ ಮನೆಯ ಮಾಬಮ್ಮನ ಹತ್ತಿರ ಓಡಿದೆ. ಅವಳು ಜಂಪರು ಹೊಲಿಯುತ್ತಾ ಕೂತಿದ್ದಳು. ಜಡೆ ಎತ್ತಿ ನೋಡಿದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಛೀ, ಏನಿದು ಹೊಲಸು. ಕೀವು ಸೋರಾಕತ್ತೈತಲ್ಲಬೇ."

ಅವ್ವ ಹೋದ ಮೇಲಿನ ಒಂದೂವರೆ ತಿಂಗಳಲ್ಲಿ ನನ್ನೆದುರು ಒಬ್ಬರಾದರೂ ನಿಜ ಹೇಳಿದ್ದು ಅದೇ ಮೊದಲು. ಅವಳು ನನ್ನ ಕೈ ಹಿಡಿದು ಮನೆಗೆ ಕರೆತಂದು ಅಪ್ಪನೆದುರು ನಿಲ್ಲಿಸಿದಳು.

"ಬಸಣ್ಣ, ಮಗಳ ತಲಿ ನೋಡೀರೇನ್ರಿ?"

"ನಾ ಗಂಡಸು ಮನಷ್ಯಾ. ನಂಗೇನ್ ಗೊತ್ತಾಕೈತ್ರಿ."

"ಮಷೀನಿನ್ಯಾಗ ಸಿಕ್ಕ ಹುಲ್ಲು ತೆಗೀತೀರಿಲ್ಲ. ಇದೂ ಕೈಕೆಲಸಾನ. ನಾ ಹೇಳಿಕೊಡ್ತೀನಿ."

"ಮಗಳ ತಲಿ ಹಿಡಕೊಂಡು ಗಂಡಸು ಕೂತ್ರ ಓಣ್ಯಾಗ ನಗ್ತಾರ," ಎಂದಳು ಅತ್ತೆ.

"ನಗಲಿ ಬಿಡಕ್ಕ," ಎಂದ ಅಪ್ಪ.

ಭಾನುವಾರ ಅವನು ಮೂರು ಸಲ ಕೈ ತೊಳೆದ. ಡೀಸೆಲ್ ವಾಸನೆ ಹೋಗಲಿಲ್ಲ. ಮಾಬಮ್ಮ ಬೇವಿನೆಲೆ ಕುದಿಸಿದ ನೀರಿನಲ್ಲಿ ನನ್ನ ತಲೆ ತೊಳೆದು, ಸಣ್ಣ ಹಲ್ಲಿನ ಹಣಿಗೆಯನ್ನು ಅಪ್ಪನ ಕೈಗೆ ಕೊಟ್ಟು ಹೋದಳು. ನೆಲದ ಮೇಲೆ ಬಿಳಿ ಬಟ್ಟೆ ಹಾಸಿ ಅವನು ಬಾಚತೊಡಗಿದ. ಎಳ್ಳು ಚೆಲ್ಲಿದ ಹಾಗೆ ಹೇನು ಬಿದ್ದು ಹರಿದಾಡಿದವು. ಹುಣ್ಣಿನ ಪೊರೆ ಕಿತ್ತು ಬಂತು. ಅಪ್ಪ ತಟ್ಟನೆ ಎದ್ದು ಹೋಗಿ ಮೋರಿಯಲ್ಲಿ ವಾಂತಿ ಮಾಡಿದ. ಬಾಯಿ ಮುಕ್ಕಳಿಸಿ ಬಂದು ಮತ್ತೆ ಕೂತ.

"ಬ್ಯಾಡ ಬಿಡಪ್ಪಾ, ಬೋಳಿಸು," ಎಂದೆ.

"ಸುಮ್ನ ಕೂಡು."

ಒಂದು ಬದಿ ಬಾಚಿ ಮುಗಿಸಿದ. ಆಮೇಲೆ ಅವನು ನನ್ನ ಬೆನ್ನಿಗೇ ಹೇಳಿದ. "ದವಾಖಾನ್ಯಾಗ ನಿಮ್ಮವ್ವ ಹಾಸಿಗ್ಯಾಗ ವಾಂತಿ ಮಾಡಿಕೊಂಡಿದ್ಲು. ನಾ ಹೊರಗ ಹೋಗಿ ನಿಂತೆ. ನಂಗ ಹೇಸಿಗಿ ಆಗಿತ್ತು. ನರ್ಸಮ್ಮ ಬಂದು ಒರೆಸೋತನಕ ಆಕಿ ಹಂಗ ಮಲಗಿದ್ಲು."

ನಾನು ತಿರುಗಿ ನೋಡಲಿಲ್ಲ. ಅವನು ಬಾಚುವುದನ್ನು ನಿಲ್ಲಿಸಲಿಲ್ಲ.

ಎರಡು ತಿಂಗಳು, ಪ್ರತಿ ಭಾನುವಾರ. ಹುಣ್ಣು ಒಣಗಿತು. ಸಂಕ್ರಾಂತಿಗೆ ಮೊದಲೇ ಅತ್ತೆ ಊರಿಗೆ ಹೋದಳು. ಅಪ್ಪ ಜಡೆ ಹಾಕುವುದನ್ನೂ ಕಲಿತ. ಒಂದು ಮೇಲೆ, ಒಂದು ಕೆಳಗೆ ಆಗುತ್ತಿತ್ತು. ಸಾಲೆಯಲ್ಲಿ ನಗುತ್ತಿದ್ದರು, ಆದರೆ ಪಕ್ಕದಲ್ಲಿ ಕೂರುತ್ತಿದ್ದರು. ಒಂದು ರಾತ್ರಿ ಊಟಕ್ಕೆ ಕೂತಿದ್ದ ನಾನು ಕಾರಣವಿಲ್ಲದೆ ಜೋರಾಗಿ ಅತ್ತುಬಿಟ್ಟೆ. ಅಪ್ಪ ಸಮಾಧಾನ ಮಾಡಲಿಲ್ಲ. ಅಳು ಮುಗಿಯುವತನಕ ತಾನೂ ತುತ್ತು ಎತ್ತದೆ ಕೂತಿದ್ದ.

ಈಗ ನಾನು ಲಿಂಗಸುಗೂರಿನಲ್ಲಿ ಕಚೇರಿ ಕೆಲಸದಲ್ಲಿದ್ದೇನೆ. ಸಾವಿನ ಮನೆಗೆ ಮಾತಾಡಿಸಲು ಹೋದರೆ ಇವತ್ತಿಗೂ ಅವರು ಕೊಟ್ಟ ಚಹಾ ಕುಡಿಯಲಾಗುವುದಿಲ್ಲ. ಅದನ್ನು ಹೇಗೋ ನಿಭಾಯಿಸುತ್ತೇನೆ. ನಿಭಾಯಿಸಲಾಗದ್ದು ಬೇರೆ. ಒಂಬತ್ತು ವರ್ಷ ನನ್ನ ತಲೆ ಬಾಚಿದವಳು ಅವ್ವ. ಅವಳ ಬೆರಳು ಮೆತ್ತಗಿದ್ದವೋ ಒರಟಾಗಿದ್ದವೋ ಎಂದು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ಹೋದರೆ, ನನ್ನ ನೆತ್ತಿಯ ಮೇಲೆ ಅಪ್ಪನ ಕೈಯೇ ಬರುತ್ತದೆ. ಅವ್ವನದು ಬರುವುದಿಲ್ಲ. ಇದನ್ನು ಅಪ್ಪನಿಗೆ ನಾನು ಹೇಳಿಲ್ಲ.