ಎಡಗೈ ಬೆನ್ನ ಹಿಂದೆ

ಬೇರೆಯವರು ಟಿವಿಯ ಮುಖ ನೋಡಿ ಬೆಳೆದರು, ನಾನು ಅದರ ಬೆನ್ನು ನೋಡಿ ಬೆಳೆದೆ. ಅಪ್ಪನದು ಟಿವಿ ರಿಪೇರಿ. ಬೆಂಗಳೂರಿನ ಅಂಚಿನ ಸಿಂಗಾಪುರದ ಹಳೇ ಊರೊಳಗೆ ಮನೆ, ಪಕ್ಕದ ವಿದ್ಯಾರಣ್ಯಪುರದಲ್ಲಿ ಒಂದೇ ಶಟರಿನ ಅಂಗಡಿ. 2008ರಲ್ಲಿ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಅಪ್ಪನಿಗೆ ಊಟದ ಡಬ್ಬಿ ತೆಗೆದುಕೊಂಡು ಹೋಗಿ, ಅವರು ಉಣ್ಣುವಷ್ಟು ಹೊತ್ತು ಅಂಗಡಿಯಲ್ಲಿ ಕೂತಿರುತ್ತಿದ್ದೆ. ಕೂರುವ ಮುಂಚೆ ಸ್ಟೂಲನ್ನು ಬಾಗಿಲಿನವರೆಗೆ ಎಳೆದುಕೊಳ್ಳುತ್ತಿದ್ದೆ. ಒಳಗೆ ಬೆನ್ನು ಬಿಚ್ಚಿಸಿಕೊಂಡು ಸಾಲಾಗಿ ಕೂತ ಕಲರ್ ಟಿವಿಗಳೆಂದರೆ ನನಗೆ ಅಷ್ಟು ಭಯ. ತನ್ನ ನೆರಳಿಗೇ ಹೆದರುವವಳು ಎಂದು ಅಮ್ಮ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಆದರೆ ಈ ಭಯಕ್ಕೆ ಕಾರಣವಿತ್ತು. ಆ ಕಾಲದ ಸೆಟ್ಟುಗಳು ಆರಿಸಿದರೂ ಪೂರ್ತಿ ಆರುತ್ತಿರಲಿಲ್ಲ. ಪ್ಲಗ್ ಕಿತ್ತಿಟ್ಟರೂ ಪಿಕ್ಚರ್ ಟ್ಯೂಬಿನೊಳಗೆ ಸಾವಿರಾರು ವೋಲ್ಟು ಹಾಗೇ ಉಳಿದಿರುತ್ತಿತ್ತು. ಅದನ್ನು ಇಳಿಸದೆ ಅಪ್ಪ ಒಳಗೆ ಬೆರಳಿಟ್ಟವರಲ್ಲ. ಅದಕ್ಕೆಂದೇ ಅವರ ಹತ್ತಿರ ಕೆಂಪು ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ಒಂದಿತ್ತು. ಅದರ ಕಡ್ಡಿಗೆ ಒಂದು ವೈರು ಬೆಸೆದು, ವೈರಿನ ತುದಿಗೆ ಕ್ಲಿಪ್ಪು ಹಾಕಿದ್ದರು. ಕ್ಲಿಪ್ಪನ್ನು ಟ್ಯೂಬಿನ ಸುತ್ತಲಿನ ಬರಿತಂತಿಗೆ ಕಚ್ಚಿಸಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಿಂದ ಸ್ಕ್ರೂಡ್ರೈವರನ್ನು ಟ್ಯೂಬಿನ ಮೇಲಿನ ರಬ್ಬರ್ ಟೋಪಿಯ ಅಡಿಗೆ ತೂರಿಸುತ್ತಿದ್ದರು. ಟಪ್ ಎಂಬ ಸದ್ದಿನೊಡನೆ ಒಂದು ನೀಲಿ ಕಿಡಿ ಏಳುತ್ತಿತ್ತು. ಎರಡೂ ಕೈ ಸೆಟ್ಟಿಗೆ ತಗುಲಿದ್ದರೆ ಕರೆಂಟು ಒಂದು ಕೈಯಲ್ಲಿ ಹತ್ತಿ, ಎದೆ ದಾಟಿ, ಇನ್ನೊಂದು ಕೈಯಲ್ಲಿ ಇಳಿಯುತ್ತದೆ, ಅದಕ್ಕೇ ಎಡಗೈಗೆ ಅಲ್ಲಿ ಕೆಲಸವಿಲ್ಲ ಎನ್ನುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಮನಸ್ಸಿನಲ್ಲೇ ನೂರು ಎಣಿಸಿ ಮತ್ತೊಮ್ಮೆ ಮುಟ್ಟಿಸುತ್ತಿದ್ದರು. ಎರಡನೆಯ ಸಲವೂ ಸಣ್ಣಗೆ ಟಪ್ ಎನ್ನುತ್ತಿತ್ತು.

"ನೋಡ್ದಾ? ಇನ್ನೂ ಉಸಿರೈತೆ," ಎಂದು ಅಪ್ಪ ನನ್ನ ಕಡೆ ತಿರುಗಿ ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಅಪ್ಪ ಕೆಲಸ ಕಲಿತದ್ದು ಯಶವಂತಪುರದ ಒಂದು ಅಂಗಡಿಯಲ್ಲಿ. ಅಲ್ಲಿ ಅವರ ಜೊತೆಯವನೊಬ್ಬ ಆ ಎರಡನೆಯ ಸಲವನ್ನು ಬಿಟ್ಟನಂತೆ. ಹಿಂದಿನ ಗೋಡೆಗೆ ಹೋಗಿ ಬಿದ್ದವನು ಮತ್ತೆ ಏಳಲಿಲ್ಲವಂತೆ. ಅಪ್ಪ ಇದನ್ನು ಒಂದೇ ಒಂದು ಸಲ ಹೇಳಿದ್ದು, ನಾನು ದಿನಾ ನೆನೆಸಿಕೊಳ್ಳುತ್ತಿದ್ದೆ.

ಹಾಗೆಂದು ಆ ಸೆಟ್ಟುಗಳ ಮೇಲೆ ನನಗೆ ಪ್ರೀತಿಯಿರಲಿಲ್ಲ ಎಂದೇನಲ್ಲ. ನಮ್ಮ ಮನೆಯದು ಮರದ ಪೆಟ್ಟಿಗೆಯ, ಎಳೆದು ಮುಚ್ಚುವ ಬಾಗಿಲಿನ ಕಲರ್ ಟಿವಿ. ಹಾಕಿದೊಡನೆ ಒಳಗೆಲ್ಲೋ ಧಬ್ ಎಂದು, ಮೊದಲು ಮಾತು ಕೇಳಿ, ಆಮೇಲೆ ನಿಧಾನವಾಗಿ ಬಣ್ಣ ಬರುತ್ತಿತ್ತು. ಗಾಜಿನ ಹತ್ತಿರ ಮೊಣಕೈ ಒಯ್ದರೆ ರೋಮ ಎದ್ದು ನಿಲ್ಲುತ್ತಿದ್ದವು. ಆರಿಸಿದಾಗ ಚಿತ್ರವೆಲ್ಲ ಕುಗ್ಗಿ ನಡುವೆ ಒಂದು ಬಿಳಿ ಚುಕ್ಕೆಯಾಗಿ, ಅದೂ ಹೋಗಲು ಹೊತ್ತು ಹಿಡಿಯುತ್ತಿತ್ತು. ರಿಮೋಟಂತೂ ಕೈ ತುಂಬ ಇತ್ತು. ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಮೇಲೆ ಎರಡು ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟಿದ್ದೆವು. ಗುಂಡಿಯ ಮೇಲಿನ ಅಂಕಿಗಳೆಲ್ಲ ಅಳಿಸಿಹೋಗಿ, ಯಾವುದು ಏನೆಂದು ಅಮ್ಮನ ಹೆಬ್ಬೆರಳಿಗೆ ಮಾತ್ರ ಗೊತ್ತಿತ್ತು. ಸೆಲ್ಲು ಸೋತಾಗ ಅವಳು ಅವನ್ನು ಕಿಟಕಿಯ ಬಿಸಿಲಿಗಿಟ್ಟು, ಅಂದಿನ ಧಾರಾವಾಹಿಯಷ್ಟಕ್ಕಾದರೂ ಬದುಕಿಸಿಕೊಳ್ಳುತ್ತಿದ್ದಳು.

ರಿಮೋಟು ಕೆಟ್ಟಿದೆಯೋ ಇಲ್ಲವೋ ಎಂದು ನೋಡಲು ಅಪ್ಪ ಟಿವಿಯ ಹತ್ತಿರವೇ ಹೋಗುತ್ತಿರಲಿಲ್ಲ. ಹಳೆಯ ರೇಡಿಯೋವನ್ನು ಯಾವ ಸ್ಟೇಷನ್ನೂ ಸಿಗದ ಕಡೆ ತಿರುಗಿಸಿ, ಅದರ ಪಕ್ಕಕ್ಕೆ ರಿಮೋಟು ಹಿಡಿದು ಗುಂಡಿ ಒತ್ತುತ್ತಿದ್ದರು. ರೇಡಿಯೋ ಕರ್ ಕರ್ ಎಂದರೆ ರಿಮೋಟು ಸರಿಯಿದೆ, ತಪ್ಪು ಸೆಟ್ಟಿನದು ಎಂದರ್ಥ. ಗಿರಾಕಿಗಳು ಬಾಯಿ ಬಿಟ್ಟು ನೋಡುತ್ತಿದ್ದರು. ಅಪ್ಪನಿಗೆ ಅದರಲ್ಲಿ ಒಂದು ಸಣ್ಣ ಜಂಭವಿತ್ತು.

ಗೋಡೆಗೆ ನೇತುಹಾಕುವ ಚಪ್ಪಟೆ ಟಿವಿಗಳು ಬಂದವು, ಸೆಟ್‌ಟಾಪ್ ಬಾಕ್ಸು ಬಂತು, ಅಂಗಡಿಗೆ ಜನ ಬರುವುದು ನಿಂತಿತು. ರಿಪೇರಿಗೆ ಕೊಟ್ಟವರೇ ಅದನ್ನು ಮರೆತು ಹೊಸದು ತಂದುಕೊಂಡರು. ಅಪ್ಪ ಶಟರ್ ಎಳೆದ ದಿನ ಹನ್ನೊಂದು ಸೆಟ್ಟುಗಳು ಲಗೇಜ್ ಆಟೋದಲ್ಲಿ ನಮ್ಮ ಮನೆಗೆ ಬಂದು ನಡುಮನೆಯ ಗೋಡೆಗುಂಟ ಕೂತವು. ಅಷ್ಟು ಹೊತ್ತಿಗೆ ನನಗೆ ಯಲಹಂಕ ನ್ಯೂಟೌನಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಸಂಜೆ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಹನ್ನೊಂದು ಕಪ್ಪು ಗಾಜಿನಲ್ಲೂ ನಾನೇ ನಡೆದು ಬರುತ್ತಿದ್ದೆ. ಅವನ್ನು ನೋಡದೆ ಅಡುಗೆಮನೆಗೆ ಹೋಗುವುದನ್ನು ರೂಢಿಸಿಕೊಂಡೆ.

ಮರೆವು ಶುರುವಾದದ್ದು ರೇಡಿಯೋದ ಪಕ್ಕದಲ್ಲಿ. ಒಂದು ಭಾನುವಾರ ಅಪ್ಪ ಪಕ್ಕದ ಬೀದಿಯವರ ರಿಮೋಟು ಹಿಡಿದು ಗುಂಡಿ ಒತ್ತಿದರು. ಕರ್ ಕರ್ ಎಂದಿತು. ಸರಿಯಿದೆ ಎಂದು ಕೆಳಗಿಟ್ಟರು. ಒಂದು ನಿಮಿಷ ಬಿಟ್ಟು ಅದನ್ನೇ ಎತ್ತಿಕೊಂಡು ಮತ್ತೆ ಒತ್ತಿದರು. ಮಧ್ಯಾಹ್ನದ ಊಟದಿಂದ ಸಂಜೆಯ ಕಾಫಿಯವರೆಗೂ ಮನೆಯಲ್ಲಿ ಅದೇ ಸದ್ದು. ಅಮ್ಮ ಮೊದಲು ರೇಗಿದಳು, ಆಮೇಲೆ ಯಾರಾದರೂ ಡಾಕ್ಟರಿಗೆ ತೋರಿಸೋಣ ಎಂದಳು. 

ಹೆಬ್ಬಾಳದ ಕಡೆಯ ಡಾಕ್ಟರೊಬ್ಬರು ನೋಡಿ, ಇದು ವಾಸಿಯಾಗುವಂಥದಲ್ಲ, ನಿಧಾನವಾಗಿ ಹೆಚ್ಚಾಗುತ್ತದೆ, ಕೈಗೆ ಗೊತ್ತಿರುವ ಕೆಲಸ ಮಾಡಿಕೊಂಡಿರಲಿ ಎಂದರು. ಕೈಗೆ ಗೊತ್ತಿರುವ ಕೆಲಸ ಯಾವುದೆಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಅಮ್ಮನಂತೂ ಹಠ ಹಿಡಿದಳು. ಕೆಲಸ ಬಿಡಿಸಿದರೆ ಮನುಷ್ಯ ಹಾಸಿಗೆ ಹಿಡಿಯುತ್ತಾನೆ, ಬಿಚ್ಚಿ ಜೋಡಿಸಿಕೊಂಡು ಇರಲಿ ಎಂಬುದು ಅವಳ ವಾದ.

ಅಲ್ಲಿಂದ ಮುಂದೆ ನನಗೆ ಇದ್ದದ್ದು ಒಂದೇ ಯೋಚನೆ. ಅಪ್ಪ ಏನು ಬೇಕಾದರೂ ಮರೆಯಲಿ, ನನ್ನ ಹೆಸರನ್ನೇ ಮರೆಯಲಿ. ಆ ಟಪ್ ಎನ್ನಿಸುವುದನ್ನು ಮರೆತ ದಿನ ನನಗೆ ಅಪ್ಪ ಇರುವುದಿಲ್ಲ. ಭಾನುವಾರಗಳಲ್ಲಿ ಅವರು ಒಂದು ಸೆಟ್ಟನ್ನು ಹಾಕಿ ನೋಡಿ, ಆರಿಸಿ ಬಿಚ್ಚಿದರೆ ನಾನು ಬಾಗಿಲ ಹತ್ತಿರ ಕೂತು, ಬಟ್ಟೆ ಮಡಿಸುವ ನೆಪದಲ್ಲಿ, ಅವರ ಜೊತೆಗೇ ನೂರು ಎಣಿಸುತ್ತಿದ್ದೆ. ಒಂದು ಸಲ ಅವರು ಮೊದಲನೆಯದಾದ ಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು ನೇರ ಒಳಗೆ ಕೈ ಚಾಚಿದರು. ನಾನು ಕಿರುಚಿದೆ. ಅಪ್ಪ ಕೈ ಹಿಂದಕ್ಕೆಳೆದುಕೊಂಡು, ಮಡಿಸಿದ ಬಟ್ಟೆಯ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡಿದರು. ಮಗಳು ಬಟ್ಟೆಗಾಗಿ ಅಲ್ಲಿ ಕೂತಿಲ್ಲ ಎಂಬುದು ಅವರಿಗೆ ಆವತ್ತೇ ತಿಳಿದಿರಬೇಕು. ಅಂದಿನಿಂದ ಆಫೀಸಿನಲ್ಲೂ ನನಗೆ ನೆಮ್ಮದಿಯಿರಲಿಲ್ಲ. ದಿನಕ್ಕೆ ಮೂರು ಸಲ ಅಮ್ಮನಿಗೆ ಫೋನು ಮಾಡಿ, ಊಟ ಆಯ್ತಾ ಎಂದು ಶುರು ಮಾಡಿ, ಅಪ್ಪ ಏನು ಮಾಡುತ್ತಿದ್ದಾರೆ ಎಂದು ಮುಗಿಸುತ್ತಿದ್ದೆ.

ಕೊನೆಗೊಂದು ಬೆಳಗ್ಗೆ, ಆಫೀಸಿಗೆ ಹೊರಡುವ ಮುಂಚೆ, ಆ ಕೆಂಪು ಸ್ಕ್ರೂಡ್ರೈವರನ್ನೇ ತೆಗೆದು ರಾಗಿ ಡ್ರಮ್ಮಿನೊಳಗೆ ಹೂತುಬಿಟ್ಟೆ. ಇದು ಕೈಯಲ್ಲಿಲ್ಲದೆ ಸೆಟ್ಟಿನೊಳಗೆ ಕೈ ಹಾಕಬಾರದು ಎಂಬುದು ಅಪ್ಪನದೇ ಕಟ್ಟಪ್ಪಣೆ. ಇಲ್ಲದಿದ್ದರೆ ಕೈ ಹಾಕುವುದಿಲ್ಲ, ಪೀಡೆ ಕಳೆಯಿತು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅಪ್ಪ ಆ ನಿಯಮವನ್ನು ಮರೆಯುತ್ತಾರೆ ಎಂದೇ ಹೆದರಿ ಸಾಯುತ್ತಿದ್ದವಳು, ಅವರು ಅದನ್ನು ಮರೆತಿರುವುದಿಲ್ಲ ಎಂಬ ಧೈರ್ಯದ ಮೇಲೆ ಆ ಕೆಲಸ ಮಾಡಿದ್ದೆ.

ಮೂರನೆಯ ದಿನ ಮಧ್ಯಾಹ್ನ ಅಮ್ಮನೇ ಫೋನು ಮಾಡಿದಳು. ಧಾರಾವಾಹಿ ನೋಡುತ್ತಿದ್ದಾಗ ಮರದ ಪೆಟ್ಟಿಗೆಯ ಟಿವಿಯ ಚಿತ್ರ ಕುಗ್ಗಿ ಅಡ್ಡಗೆರೆಯಾಗಿ ನಿಂತುಬಿಟ್ಟಿತಂತೆ.

"ನಿಮ್ಮಪ್ಪ ಪ್ಲಗ್ ಕಿತ್ತು ಬೆನ್ ಬಿಚ್ಕೊಂಡ್ ಕೂತವ್ರೆ ಕಣೆ. ಕೆಂಪು ಸ್ಕ್ರೂಡ್ರೈವರ್ ಕಾಣ್ತಿಲ್ಲ ಅಂತ ಮನೆಯೆಲ್ಲ ಜಾಲಾಡ್ತಾವ್ರೆ. ನೀನೇನಾದ್ರೂ ನೋಡ್ದಾ?"

ನೋಡಿಲ್ಲ ಎಂದೆ. ಸುಳ್ಳು ಅಷ್ಟು ಬೇಗ ಬಾಯಿಗೆ ಬಂತು. ಕೈ ಹಾಕಲು ಬಿಡಬೇಡ, ಬರುತ್ತಿದ್ದೇನೆ ಎಂದು ಹೇಳಿ, ಸಾಹೇಬರಿಗೆ ಅರ್ಧ ಮಾತಿನಲ್ಲಿ ಕಾರಣ ಕೊಟ್ಟು, ಹೊರಗೆ ಬಂದು ಆಟೋ ಹತ್ತಿದೆ. ಅಟ್ಟೂರು ಲೇಔಟು ದಾಟುವಾಗ ನಾನು ಮಾಡಿದ್ದರ ಪೂರ್ತಿ ಅರ್ಥ ಹೊಳೆಯಿತು. ಉಳಿದ ಹನ್ನೊಂದು ಸೆಟ್ಟುಗಳು ಹಾಕಿ ದಿನಗಳಾಗಿ ತಣ್ಣಗಾಗಿದ್ದವು. ಇದು ಈಗಷ್ಟೇ ಓಡುತ್ತಿದ್ದದ್ದು, ಟ್ಯೂಬು ತುಂಬಿಕೊಂಡಿದೆ. ಸ್ಕ್ರೂಡ್ರೈವರ್ ಸಿಗದೆ ಅಪ್ಪ ಅಡುಗೆಮನೆಯ ಚಾಕು ತಂದರೆ? ಏನೂ ಇಲ್ಲದೆ ಬರಿಗೈ ಇಟ್ಟರೆ? ರಾಗಿ ಡ್ರಮ್ಮಿನಲ್ಲಿದೆ ಎಂದು ಹೇಳಲು ಅಮ್ಮನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎಂ.ಎಸ್. ಪಾಳ್ಯದಲ್ಲಿ ನೀರಿನ ಟ್ಯಾಂಕರೊಂದು ರಸ್ತೆಗೆ ಅಡ್ಡವಾಗಿ ತಿರುಗಿಕೊಳ್ಳುತ್ತಿತ್ತು. ನಾನು ಏಳು ಸಲ ಮಾಡಿದೆ, ಏಳು ಸಲವೂ ಎತ್ತಲಿಲ್ಲ.  ಯಶವಂತಪುರದಲ್ಲಿ ಎರಡನೆಯ ಸಲ ಮುಟ್ಟಿಸದೆ ಬಿಟ್ಟ ಆ ಮನುಷ್ಯ, ಮುಖವೇ ಗೊತ್ತಿಲ್ಲದವನು, ನನ್ನ ಕಣ್ಣಿನಲ್ಲಿ ಅಪ್ಪನ ಬನಿಯನ್ನು ಹಾಕಿಕೊಂಡು ಗೋಡೆಗೊರಗಿದ್ದ. ಟ್ಯಾಂಕರು ಸರಿದೊಡನೆ ಬೇಗ ಹೋಗಪ್ಪಾ ಎಂದು ಆಟೋದವರಿಗೆ ಹೇಳಿದೆ.

ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ ಅಮ್ಮ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಸದ್ದು ಮಾಡಬೇಡ ಎಂದು ಅಪ್ಪ ಗದರಿದರಂತೆ, ಫೋನು ಕೂಗುತ್ತಲೇ ಇದ್ದರೂ ಎತ್ತಲು ಅವಳಿಗೆ ಧೈರ್ಯ ಸಾಲಲಿಲ್ಲವಂತೆ. ಒಳಗೆ ಅಪ್ಪ ಬೆನ್ನು ಬಿಚ್ಚಿದ ಸೆಟ್ಟಿನ ಮುಂದೆ ಮಣೆಯ ಮೇಲೆ ಕೂತಿದ್ದರು. ಬಲಗೈ ತೊಡೆಯ ಮೇಲಿತ್ತು. ಎಡಗೈ ಬೆನ್ನ ಹಿಂದೆ ಇತ್ತು.

ನನ್ನನ್ನು ನೋಡಿ ಮರ್ಯಾದೆಯಿಂದ ಸ್ವಲ್ಪ ಸರಿದು ಕೂತರು. ಅಂಗಡಿಯಲ್ಲಿ ಗಿರಾಕಿಗಳು ಬಂದಾಗ ಸರಿಯುತ್ತಿದ್ದ ಹಾಗೆಯೇ.

"ಸೆಟ್ ನಿಮ್ದಾ ಅಮ್ಮ? ವಸಿ ತಡೀರಿ. ನಂದೊಂದು ಸ್ಕ್ರೂಡ್ರೈವರ್ ಐತೆ, ಅದಿಲ್ದೆ ಕೈ ಇಕ್ಕಂಗಿಲ್ಲ. ನಮ್ ಮಗಳು ಎಲ್ಲೋ ಎತ್ತಿಟ್ಟವ್ಳೆ. ಅವ್ಳಿಗೆ ಭಯ ಜಾಸ್ತಿ, ಪಾಪ. ಬರ್ಲಿ, ಕಾಯ್ತೀನಿ."

ಅಲ್ಲಿಯವರೆಗೆ ಅಪ್ಪನಿಗೆ ನನ್ನ ಗುರುತು ಒಂದು ಸಲವೂ ತಪ್ಪಿರಲಿಲ್ಲ. ನನ್ನ ಮುಖ ಮರೆತಿದ್ದರು, ನನ್ನ ಭಯ ಮಾತ್ರ ಅವರಿಗೆ ನೆನಪಿತ್ತು. ಮೊದಲು ಅವರು ಜೀವಂತ ಇದ್ದಾರೆ ಎಂಬ ಸಂತೋಷ ಬಂತು, ಅದರ ಬೆನ್ನಿಗೇ ಬೇರೊಂದು ಹೆದರಿಕೆ ಬಂತು. ಅದನ್ನು ಇಳಿಸಲು ಯಾವ ಸ್ಕ್ರೂಡ್ರೈವರೂ ಇರಲಿಲ್ಲ. ಅಡುಗೆಮನೆಗೆ ಹೋಗಿ, ಡ್ರಮ್ಮಿನೊಳಗೆ ಭುಜದವರೆಗೂ ಕೈ ಇಳಿಸಿ, ರಾಗಿ ಮೆತ್ತಿದ ಸ್ಕ್ರೂಡ್ರೈವರನ್ನು ತಂದು ಚಾಚಿದೆ.

ಅಪ್ಪ ತೆಗೆದುಕೊಳ್ಳಲು ಬಲಗೈ ಎತ್ತಿದರು. ಕೈ ನಡುಗುತ್ತಿತ್ತು. ಅದನ್ನು ಅವರೂ ನೋಡಿದರು, ನಾನೂ ನೋಡಿದೆ. ಕೈಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು, ನೀವೇ ಮುಟ್ಟಿಸಿ, ನಾನು ಹೇಳಿಕೊಡುತ್ತೇನೆ ಎಂದರು.

ಇಷ್ಟು ವರ್ಷ ಬಾಗಿಲ ಹತ್ತಿರ ಸ್ಟೂಲು ಎಳೆದುಕೊಂಡವಳು ಅಂದು ಅದರ ಮುಂದೆ ಮಂಡಿಯೂರಿದೆ.  ಕ್ಲಿಪ್ಪನ್ನು ಬರಿತಂತಿಗೆ ಕಚ್ಚಿಸಿದೆ. ಆಸರೆಗೆಂದು ನನಗೇ ತಿಳಿಯದೆ ಎಡಗೈಯನ್ನು ಪೆಟ್ಟಿಗೆಯ ಅಂಚಿಗೆ ಒತ್ತಿಕೊಂಡಿದ್ದೆ. ಅಪ್ಪ ಬಾಗಿ, ನನ್ನ ಎಡಗೈಯ ಮಣಿಕಟ್ಟು ಹಿಡಿದು, ಮೆಲ್ಲಗೆ ಬೆನ್ನ ಹಿಂದಕ್ಕೆ ತಂದು ಬಿಟ್ಟರು.

ರಬ್ಬರ್ ಟೋಪಿಯ ಅಡಿಗೆ ತೂರಿಸಿದೆ. ಟಪ್ ಎಂದಿತು. ನೀಲಿ ಕಿಡಿ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಏಳಲು ಹೋದವಳನ್ನು ಅಪ್ಪ ತಡೆದರು.

"ಈಗ ನೂರು ಎಣಿಸ್ಬೇಕು. ಇನ್ನೂ ಉಸಿರೈತೆ."

ಎಣಿಸುವಷ್ಟು ಹೊತ್ತೂ ನನ್ನ ಮಣಿಕಟ್ಟನ್ನು ಬೆನ್ನ ಹಿಂದೆ ಅವರು ಮತ್ತೆ ಹಿಡಿದುಕೊಂಡಿದ್ದರು. ನಾನು ಆದಷ್ಟು ನಿಧಾನವಾಗಿ ಎಣಿಸಿದೆ. ತೊಂಬತ್ತರ ಹತ್ತಿರ ಬಂದಾಗ ಕೈ ಬಿಟ್ಟು ಮಣೆಯನ್ನು ಹಿಂದಕ್ಕೆಳೆದುಕೊಂಡರು. ಮುಟ್ಟಿಸುವಾಗ ಯಾರೂ ಯಾರನ್ನೂ ಹಿಡಿದಿರಬಾರದು ಎಂಬುದನ್ನೂ ಅವರು ಮರೆತಿರಲಿಲ್ಲ. ನೂರಕ್ಕೆ ಮತ್ತೊಮ್ಮೆ ಮುಟ್ಟಿಸಿದೆ. ಸಣ್ಣಗೆ ಟಪ್ ಎಂದಿತು.

ಅಪ್ಪ ತಲೆದೂಗಿ, ಇನ್ನು ಭಯವಿಲ್ಲ ಎಂದರು. ಆಮೇಲೆ ಬಾಗಿಲ ಕಡೆ ನೋಡುತ್ತಾ, "ನಮ್ ಮಗಳು ಬಂದ್ಮೇಲೆ ಹೇಳ್ತೀನಿ, ನೀವು ಹುಡುಕಿ ಕೊಟ್ರಿ ಅಂತ. ಬಯ್ಯಲ್ಲ ಬಿಡಿ ಅವ್ಳನ್ನ," ಎಂದರು.

ಆಗಲಿ ಎಂದೆ. ಅಪ್ಪ ಹಿಡಿದಿದ್ದ ಎಡಗೈ ಇನ್ನೂ ಬೆನ್ನ ಹಿಂದೆಯೇ ಇತ್ತು, ಅದನ್ನು ಮುಂದಕ್ಕೆ ತರಲು ನನಗೆ ಭಯವಾಗುತ್ತಿತ್ತು.