ಶಾಂತಕ್ಕನ ಕೈಗುಣ

ಶಾಂತಕ್ಕನಿಗೆ ನಾನು ಕೊಟ್ಟ ಪರಾಗ ಸತ್ತುಹೋಗಿತ್ತು — ಗೊತ್ತಿದ್ದೇ ಕೊಟ್ಟೆ.

ಹಿರಿಯೂರಿನ ಬಿಸಿಲಲ್ಲಿ ಹೂಜಿ ಗಿಡ ಸಾಕುತ್ತೇನೆಂದರೆ ಜನ ನಗುತ್ತಾರೆ. ಎಲೆಯ ತುದಿಗೆ ಹೂಜಿ ಕಟ್ಟಿಕೊಂಡು ಹುಳ ಹಿಡಿಯುವ ಮಳೆಕಾಡಿನ ಗಿಡ ಅದು. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಉಪ್ಪಿಗೇ ಸಾಯುತ್ತದೆ. ಫಿಲ್ಟರ್ ನೀರು ಹಾಕಿ, ಸುತ್ತ ಒದ್ದೆ ಗೋಣಿ ಕಟ್ಟಿ ಹೇಗೋ ಉಳಿಸಿಕೊಂಡಿದ್ದೆ. ನನ್ನಿಂದ ಒಂದು ಸಸಿ ಒಯ್ದ ಬಬ್ಬೂರಿನ ಶಾಂತಕ್ಕ ಕೆಲವೇ ವರ್ಷದಲ್ಲಿ ನನ್ನನ್ನು ಮೀರಿಸಿದರು. ಕೈಗುಣ ಅಂದರೆ ಅದು — ಶೇಂಗಾ ಬಿತ್ತುವಾಗ ಊರಿನವರು ಮೊದಲ ಹಿಡಿ ಬೀಜವನ್ನು ಅವರ ಕೈಯಿಂದಲೇ ಹಾಕಿಸುತ್ತಿದ್ದರು.

ಈ ಗಿಡಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಅವರ ಹೆಣ್ಣು ಗಿಡ ಮೊದಲ ಸಲ ಹೂಬಿಟ್ಟಾಗ, ಹೂವಿದ್ದ ಗಂಡು ನನ್ನಲ್ಲಿ ಮಾತ್ರ ಇತ್ತು. ಎರಡೂ ಬೇರೆ ಬೇರೆ ಜಾತಿಯವು, ಕೂಡಿದರೆ ಯಾರಲ್ಲೂ ಇಲ್ಲದ ಹೊಸ ತಳಿ. ಆದರೆ ಅದು ಶಾಂತಕ್ಕನ ತಳಿ ಅನ್ನಿಸಿಕೊಳ್ಳುತ್ತದೆ. ಕಲಿಸಿದವನು ನಾನು, ಹೆಸರು ಮಾತ್ರ… ಹೊಟ್ಟೆಕಿಚ್ಚು, ಬೇರೇನಲ್ಲ. ಕಾವಿಗೆ ಪರಾಗ ಸಾಯುತ್ತದೆಂದು ಗೊತ್ತಿದ್ದೂ, ಪೊಟ್ಟಣವನ್ನು ಸ್ಕೂಟರಿನ ಡಿಕ್ಕಿಯೊಳಗಿಟ್ಟು ಎರಡು ದಿನ ಬಿಸಿಲಿಗೆ ನಿಲ್ಲಿಸಿದೆ. ಆಮೇಲೆ ನಗುನಗುತ್ತಾ ಒಯ್ದು ಕೊಟ್ಟೆ.

ಅವರು ಕುಂಚದಲ್ಲಿ ಒಂದೊಂದೇ ಹೂವಿಗೆ ಸವರಿದರು. ಒಂದೂ ಕಾಯಿ ಕಚ್ಚಲಿಲ್ಲ.

"ಗಿಡದ ತಪ್ಪಲ್ಲ ಬಿಡಪ್ಪ, ನನ್ನ ಕೈಗುಣಾನೇ ಹೋಗೈತೆ," ಅಂದರು.

ಆಗಲೇ ಬಾಯಿ ಬಿಡಬೇಕಿತ್ತು. "ಇರ್ಲಿ ಬಿಡ್ರಿ ಅಕ್ಕ, ಮುಂದಿನ ಸಲ ನೋಡಾಣ," ಅಂದೆ — ಅಷ್ಟೇ.

ಮುಂದಿನ ಸಲ ಬರಲಿಲ್ಲ. ಅವರು ಆ ಗಿಡಕ್ಕೆ ನೀರು ಹಾಕುವುದನ್ನೇ ಬಿಟ್ಟರು, ಒಣಗಿತು. ಬಿತ್ತನೆಗೆ ಕರೆಯಲು ಬಂದವರಿಗೆ, "ನಾನು ಮುಟ್ಟಿದ್ರೆ ನಿಮ್ಮ ಬೆಳೆ ಹಾಳಾಗ್ತೈತೆ, ಬ್ಯಾಡ್ರಿ," ಎನ್ನತೊಡಗಿದರು. ಎರಡು ವರ್ಷ ಹಾಗಂದ ಮೇಲೆ ಯಾರೂ ಕರೆಯಲಿಲ್ಲ. ಈಗ ಅವರ ಅಂಗಳದ ತುಳಸಿಯನ್ನೂ ಸೊಸೆಯೇ ನೆಟ್ಟಿದ್ದಾಳೆ.

ಹೋದ ವಾರ ಹೋಗಿ ಎಲ್ಲವನ್ನೂ ಹೇಳಿದೆ. ಡಿಕ್ಕಿ, ಬಿಸಿಲು, ಹೊಟ್ಟೆಕಿಚ್ಚು — ಒಂದನ್ನೂ ಬಿಡಲಿಲ್ಲ. ಬೈಯಲಿ, ಇನ್ನು ಈ ಹೊಸ್ತಿಲು ತುಳಿಯಬೇಡ ಅನ್ನಲಿ ಎಂದು ತಲೆ ತಗ್ಗಿಸಿ ಕೂತೆ. ಅವರು ನನ್ನ ತಲೆ ಸವರಿದರು.

"ನನ್ನ ಸಮಾಧಾನಕ್ಕೆ ಅಂತ ತಪ್ಪು ನಿನ್ನ ಮೈಮೇಲೆ ಎಳ್ಕಂತೀಯಲ್ಲಪ್ಪ. ಅಂಥ ಕೆಲ್ಸ ಮಾಡೋನಲ್ಲ ನೀನು, ನಂಗೊತ್ತಿಲ್ವಾ?"

ಮಕ್ಕಳ ಮೇಲೆ ಆಣೆ ಇಟ್ಟೆ. ನಂಬಲಿಲ್ಲ. ಅವರು ನಂಬುವ ಹಾಗೆ ಹೇಳುವ ಮಾತು ನನ್ನ ಹತ್ತಿರ ಇನ್ನು ಯಾವುದೂ ಉಳಿದಿಲ್ಲ.