ಕಿವಿ ಮೇಸ್ತ್ರಿಯೂ ಬೇಕರಿ ವ್ಯಾನೂ

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಯಾವ ಗಾಡಿಯ ಹಿಂದಿನ ಆಕ್ಸಲ್ ಕೂಗಿದರೂ ಅವನ ಕ್ರಮ ಒಂದೇ. ಹಿಂದಿನ ಚಕ್ರಗಳನ್ನು ಜಾಕಿ ಕೊಟ್ಟು ಎತ್ತಿಸುವುದು, ಎಂಜಿನ್ ಓಡಿಸಿ ಗಿಯರ್ ಹಾಕಿಸುವುದು, ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿ, ಕಣ್ಣು ಮುಚ್ಚಿ ಕೇಳುವುದು. ಆಮೇಲೆ ಎದ್ದು ಬಂದು ಆಕ್ಸಲಿನೊಳಗಿನ ಜೋಡಿ ಗಿಯರುಗಳಲ್ಲಿ ದೊಡ್ಡದು ಯಾವ ಕಡೆಗೆ ಸರಿಯಬೇಕು, ಚಿಕ್ಕದರ ಹಿಂದೆ ಎಷ್ಟು ದಪ್ಪದ ವಾಷರ್ ಬೇಕು ಎಂದು ಹೇಳಿದನೆಂದರೆ ಮುಗಿಯಿತು. ಅದು ತಪ್ಪುತ್ತಿರಲಿಲ್ಲ.

ಮುಂದೆ ಅವನಿಗಾದದ್ದನ್ನು ಕೇಳಿ ಅಯ್ಯೋ ಪಾಪ ಅನ್ನುವ ಮೊದಲು ಇದನ್ನೂ ಕೇಳಿ. ಅವನ ಬಳಿ ಕೆಲಸ ಕಲಿತವರಲ್ಲಿ ಮೈಮೇಲೆ ಸ್ಪ್ಯಾನರಿನ ಏಟಿನ ಗುರುತಿಲ್ಲದವರು ಯಾರೂ ಇಲ್ಲ. "ಕಣ್ಣು ಮುಚ್ಚೋ. ಏನು ಕೇಳಿಸ್ತು, ಬೊಗಳು" ಎನ್ನುವನು. ತಪ್ಪು ಹೇಳಿದರೆ ಕಣ್ಣು ಮುಚ್ಚಿಕೊಂಡವನ ಮೊಣಕಾಲಿಗೆ ಸರಿಯಾಗಿ ಒಂದು ಬೀಳುತ್ತಿತ್ತು. ಎಲ್ಲರಿಗಿಂತ ಹೆಚ್ಚು ಏಟು ತಿಂದವನು ಅವನ ಅಳಿಯನಾದ. ಮೇಸ್ತ್ರಿ ಅವನಿಗೆ ಮಗಳನ್ನು ಕೊಟ್ಟ, ವಯಸ್ಸಾದ ಮೇಲೆ ಗ್ಯಾರೇಜನ್ನೂ ಬಿಟ್ಟುಕೊಟ್ಟ. ಹಿಂದಿನ ಆಕ್ಸಲ್ ಕೆಲಸವೊಂದನ್ನು ಮಾತ್ರ ಬಿಡಲಿಲ್ಲ. ಅದು ಕೈಯಲ್ಲಿರುವ ತನಕ ತಾನು ಮೇಸ್ತ್ರಿ, ಅದೂ ಹೋದರೆ ಮಹಡಿಯ ಮನೆಯಲ್ಲಿ ಕೂತು ತಿನ್ನುವ ಬರೀ ಮಾವ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಂಥವನಿಗೆ ಕಿವಿಯೇ ಕೈಕೊಟ್ಟಿತು. ಮೊದಲು ಸಣ್ಣ ದನಿಗಳು ಹೋದವು. ಬಾಗಿಲಿನ ಗಂಟೆ ಹೋಯಿತು, ಮೊಮ್ಮಗಳ ಮಾತು ಹೋಯಿತು. ದಪ್ಪ ಗುಡುಗುಡು ಮಾತ್ರ ಎದೆಗೆ ಮುಟ್ಟಿದಂತೆ ಉಳಿಯಿತು. ಗಿಯರ್ ಕೂಗುವುದು ಸಣ್ಣ ದನಿಯಲ್ಲೇ. ಒಂದು ಮಧ್ಯಾಹ್ನ ಮಗಳೊಬ್ಬಳಿಗೇ ಹೇಳಿಕೊಂಡ. "ಯಾರ ಹತ್ರಾನೂ ಬಾಯಿ ಬಿಡಬೇಡ ಕಣಮ್ಮ. ನಿನ್ನ ಗಂಡನ ಹತ್ರ ಅಂತೂ ಬೇಡವೇ ಬೇಡ."

ಮಗಳು ಅದನ್ನು ಗಂಡನಿಗೆ ಹೇಳಿದ್ದು ಅಪ್ಪನ ಮೇಲಿನ ಕನಿಕರದಿಂದಲೇ. "ಇನ್ನು ಅವರಿಗೆ ಸ್ವಲ್ಪ ಹಗುರ ಕೆಲಸ ಕೊಡಿ" ಎಂದಳು. ಗಂಡ ತಲೆಯಾಡಿಸಿ ಊಟ ಮುಂದುವರಿಸಿದ. ಅವನ ಹೊಟ್ಟೆಯೊಳಗೆ ಏನು ಬೇಯುತ್ತಿತ್ತೆಂದು ಅವಳಿಗೆ ಹೇಗೆ ಗೊತ್ತಾಗಬೇಕು!

ಆ ವಾರವೇ ಬೇಕರಿಯವನು ತನ್ನ ಹಳೇ ವ್ಯಾನನ್ನು ಎಳೆಸಿಕೊಂಡು ಬಂದ. ಗಾಡಿ ನೀರು ನಿಲ್ಲುವ ಜಾಗದಲ್ಲಿ ಬಹಳ ಕಾಲ ನಿಂತಿತ್ತು. ಆಕ್ಸಲಿನ ಹೊಟ್ಟೆ ಬಿಚ್ಚಿದರೆ ಎಣ್ಣೆಯ ಬದಲು ಕೆಸರಿನಂಥ ರಾಡಿ ಸುರಿಯಿತು, ಗಿಯರಿನ ಹಲ್ಲುಗಳಿಗೆಲ್ಲ ಕೆಂಪು ತುಕ್ಕು. ಆ ಮಾದರಿಯ ಗಾಡಿ ಬರುವುದೇ ನಿಂತುಹೋಗಿದೆ, ಗಿಯರುಗಳ ಹೊಸ ಜೋಡಿ ಸಿಗುವ ಮಾತಿಲ್ಲ. ಇದ್ದದ್ದನ್ನೇ ಉಳಿಸಿಕೊಳ್ಳಬೇಕು. ಮುದುಕ ಗಿಯರುಗಳನ್ನು ಡೀಸೆಲಿನಲ್ಲಿ ನೆನೆಹಾಕಿದ, ತಂತಿ ಬ್ರಷ್ಷಿನಿಂದ ಉಜ್ಜಿದ, ಎಣ್ಣೆ ಹಚ್ಚಿದ ಸಾಣೆಕಲ್ಲು ಹಿಡಿದು ಒಂದೊಂದೇ ಹಲ್ಲನ್ನು ತಿಕ್ಕಿದ. ಉಗುರಿನಿಂದ ಸವರಿ ಎಲ್ಲಿ ತುಕ್ಕು ತಿಂದು ಗುಳಿ ಬಿದ್ದಿದೆ ಎಂದು ನೋಡಿದ. ಬೆರಳುಗಳಿನ್ನೂ ಮೋಸ ಮಾಡಿರಲಿಲ್ಲ. ಆ ಕೆಲಸ ಮುಗಿದಾಗ ಗಿಯರುಗಳು ಉಪಯೋಗಕ್ಕೆ ಬರುವಂತಾಗಿದ್ದವು, ಇದು ಸತ್ಯ.

ಇನ್ನು ಉಳಿದದ್ದು ಜೋಡಿಸಿ ಕೇಳುವುದು. ಗಿಯರ್ ಜೋಡಿಸಿದ ದಿನ ಅಳಿಯ ಎಲ್ಲರನ್ನೂ ಕರೆದ. ವೆಲ್ಡರ್ ಬಂದ, ಪೇಂಟರ್ ಬಂದ, ಪಕ್ಕದ ಟೈರ್ ಅಂಗಡಿಯವರೂ ಬಂದರು. ಊಟದ ಡಬ್ಬಿ ತಂದ ಮಗಳು ಬಾಗಿಲಲ್ಲೇ ನಿಂತಳು.

"ಮಾವ, ನೀವು ಕೇಳಿ ಹೇಳೋದನ್ನ ಇವರೆಲ್ಲಾ ನೋಡಬೇಕಂತೆ" ಎಂದು ಅಳಿಯ ಅವನ ಕಿವಿಯ ಹತ್ತಿರ ಕೂಗಿದ.

ಮುದುಕನಿಗೆ ಎದೆ ಉಬ್ಬಿತು, ಒಳಗೊಳಗೇ ಪುಕಪುಕವೂ ಆಯಿತು. ಕೆಳಗೆ ಮಲಗಿ ಕಣ್ಣು ಮುಚ್ಚಿದ. ಅಳಿಯ ಡ್ರೈವರ್ ಸೀಟಿನಲ್ಲಿ ಕೂತು ಎಂಜಿನ್ ಓಡಿಸಿದ, ಆದರೆ ಗಿಯರ್ ಹಾಕಲೇ ಇಲ್ಲ. ಎಂಜಿನ್ ಗುಡುಗುತ್ತಿತ್ತು, ಗಾಡಿಯೆಲ್ಲ ನಡುಗುತ್ತಿತ್ತು, ಹಿಂದಿನ ಚಕ್ರಗಳು ಮಾತ್ರ ಗೋಡೆಗೆ ನೇತುಹಾಕಿದಂತೆ ಅಲ್ಲಾಡದೆ ಇದ್ದವು. ಮುದುಕ ಆ ನಡುಕವನ್ನೇ ನಂಬಿದ.

"ಹ್ಞಾಂ, ಕೇಳಿಸ್ತಿದೆ" ಎಂದ. "ಸಣ್ಣಗೆ ಕೂಗ್ತಿದೆ. ಎಡಗಡೆಗೆ ಒಂದು ಕೂದಲಷ್ಟು ಸರಿಸಿದ್ರೆ ಸಾಕು. ಸ್ವಲ್ಪ ಜೋರು ಮಾಡಪ್ಪಾ... ಹ್ಞಾಂ! ಒಂದು ಹಲ್ಲು ತಗುಲ್ತಿದೆ. ಇವರಿಗೆ ಎಲ್ಲಿ ಕೇಳಿಸಬೇಕು, ಕತ್ತೆಗಳಿಗೆ."

ಕಣ್ಣು ತೆರೆದಾಗ ಮೊದಲು ಕಂಡದ್ದು ನಿಂತ ಚಕ್ರ. ಆಮೇಲೆ ಸುತ್ತ ಬಗ್ಗಿ ನೋಡುತ್ತಿದ್ದ ಮುಖಗಳು, ಅಗಲವಾಗಿ ತೆರೆದ ಬಾಯಿಗಳು. ವೆಲ್ಡರ್ ಹೊಟ್ಟೆ ಹಿಡಿದುಕೊಂಡಿದ್ದ. ಅವರ ನಗು ಅವನಿಗೆ ಕೇಳಿಸಲಿಲ್ಲ, ಬಾಗಿಲಿನಲ್ಲಿ ಮಗಳು ಸೆರಗು ಬಾಯಿಗೆ ಒತ್ತಿಕೊಂಡದ್ದು ಕಾಣಿಸಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಅಳಿಯ ಇಳಿದು ಬಂದು ಕೈ ಕೊಟ್ಟು ಎಬ್ಬಿಸಿದ. ಮುದುಕನಿಗೆ ಚೆನ್ನಾಗಿ ಕೇಳಲಿ ಎಂದು ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

"ನಾಳೆಯಿಂದ ಪಂಕ್ಚರ್ ನೋಡ್ಕೊಳ್ಳಿ ಮಾವ. ಟ್ಯೂಬ್ ನೀರಲ್ಲಿ ಅದ್ದೋದು, ಗುಳ್ಳೆ ನೋಡೋದು. ಅದಕ್ಕೆ ಕಿವಿ ಬೇಕಾಗಲ್ಲ."

ಇಷ್ಟು ವರ್ಷ ಮೊಣಕಾಲಿನಲ್ಲಿ ಇಟ್ಟುಕೊಂಡಿದ್ದ ನೋವನ್ನು ಅಳಿಯ ಒಂದೇ ಸಲಕ್ಕೆ ತೀರಿಸಿಕೊಂಡ. ಹೊಡೆದವನಿಗೆ ಇದು ತಕ್ಕ ಶಾಸ್ತಿ ಎಂದರು ಕೆಲವರು. ನನಗೇನೋ ಹಾಗನ್ನಿಸುವುದಿಲ್ಲ. ಸ್ಪ್ಯಾನರಿನ ಏಟಿಗೆ ಒಬ್ಬ ಮೇಸ್ತ್ರಿಯಾದರೂ ತಯಾರಾದ. ಈ ಏಟಿಗೆ ಯಾರು ತಯಾರಾದರು?

ಮುದುಕ ನೀರಿನ ತೊಟ್ಟಿಯ ಪಕ್ಕ ಕೂತ. ವ್ಯಾನಿನ ಕೆಲಸವನ್ನು ಅಳಿಯನೇ ಮುಗಿಸಿದ. ಅಳತೆ ನೋಡಿ ಜೋಡಿಸುವಷ್ಟು ವ್ಯವಧಾನ ಅವನಿಗೆಲ್ಲಿತ್ತು? ಕೈಗೆ ಸಿಕ್ಕ ವಾಷರ್ ಹಾಕಿ ಬಿಗಿದ. ಗಿಯರ್ ಊಳಿಡತೊಡಗಿತು. ಎಣ್ಣೆಗೆ ಎರಡು ಹಿಡಿ ಮರದ ಹೊಟ್ಟು ಕಲಸಿ ಸುರಿದ. ಹೊಟ್ಟು ಹಲ್ಲುಗಳ ನಡುವೆ ಮೆತ್ತಿಕೊಂಡರೆ ಸದ್ದು ಅಡಗುತ್ತದೆ, ಅದು ಪುಡಿಯಾಗುವ ತನಕ ಗಾಡಿ ಬೆಣ್ಣೆಯಂತೆ ಓಡುತ್ತದೆ. ಬೇಕರಿಯವನು ಖುಷಿಯಿಂದ ವ್ಯಾನು ತೆಗೆದುಕೊಂಡು ಹೋದ.

ಹೋದವನು ಬಲುಬೇಗ ವಾಪಸು ಬಂದ. ಬೀದಿಯ ಆ ತುದಿಯಿಂದಲೇ ಗಿಯರಿನ ಕಿರುಚಾಟ ಕೇಳಿ ಅಂಗಡಿಯವರೆಲ್ಲ ಹೊರಗೆ ಬಂದರು. ಒಬ್ಬ ಮುದುಕ ಮಾತ್ರ ತಲೆ ಎತ್ತದೆ ಟ್ಯೂಬಿನ ಗುಳ್ಳೆ ನೋಡುತ್ತಿದ್ದ.

"ಯಾವನ್ರೀ ಇದನ್ನ ಮಾಡಿದ್ದು? ಹಲ್ಲೆಲ್ಲಾ ಉದುರೋ ಹಾಗೆ ಕಿರುಚ್ತಿದೆ!" ಬೇಕರಿಯವನ ಮುಖ ಕೆಂಪಾಗಿತ್ತು.

ಅಳಿಯ ಒಂದು ಗಳಿಗೆಯೂ ತಡಮಾಡಲಿಲ್ಲ. ತೊಟ್ಟಿಯ ಕಡೆಗೆ ಕೈ ತೋರಿಸಿದ. "ನಮ್ಮ ಮಾವ ಮಾಡಿದ್ದು. ಬೇಡ ಅಂದ್ರೂ ಕೇಳಲಿಲ್ಲ. ಕಿವಿ ಬೇರೆ ಹೋಗಿದೆ, ಏನು ಮಾಡೋದು?"

ಮುದುಕ ತಲೆ ಎತ್ತಿದಾಗ ಕಂಡದ್ದು ಇಷ್ಟು: ಬಾಗಿಲಲ್ಲಿ ಬೇಕರಿ ವ್ಯಾನು, ಅದರ ಒಡೆಯ, ಎಲ್ಲರ ಮುಂದೆ ತನ್ನ ಕಡೆಗೆ ಚಾಚಿದ ಅಳಿಯನ ಕೈ. ತುಕ್ಕು ತೆಗೆದ ಆ ಹಲ್ಲುಗಳು ಅವನ ಕಣ್ಣ ಮುಂದೆ ಬಂದವು. ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಎದ್ದು ನಿಂತ.

"ಹೌದು ಸ್ವಾಮಿ, ನಂದೇ ಕೆಲಸ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. "ನೀವಿರೋ ತನಕ ಅದಕ್ಕೆ ಏನೂ ಆಗಲ್ಲ."

ಬೇಕರಿಯವನು ಕ್ಯಾಕರಿಸಿ ಅವನ ಕಾಲ ಬುಡಕ್ಕೆ ಉಗಿದು ಹೊರಟುಹೋದ. ಅವನಿಗೆ ನೆಗಡಿಯಿರಬೇಕು ಎಂದುಕೊಂಡ ಮುದುಕ.

ಆ ಸಂಜೆ ಊಟಕ್ಕೆ ಕೂತಾಗ ಮಗಳನ್ನು ಹತ್ತಿರ ಕರೆದ. ಮಹಡಿಯ ಅಡುಗೆಮನೆಯ ಕಿಟಕಿಯಿಂದ ಅವಳು ಎಲ್ಲವನ್ನೂ ಕೇಳಿದ್ದಳು. "ನಿನ್ನ ಗಂಡ ಕೆಟ್ಟವನಲ್ಲ ಕಣಮ್ಮ" ಎಂದ. "ಕೆಲಸ ನಂದು ಅಂತ ಗಿರಾಕಿ ಮುಂದೆ ನನ್ನ ಹೆಸರನ್ನೇ ಹೇಳಿದ. ಅಲ್ವಾ?"

"ಹೌದಪ್ಪಾ" ಎಂದಳು ಅವಳು. ಅವನಿಗೆ ಕೇಳಿಸಲಿಲ್ಲ, ಕಿವಿಗೆ ಕೈ ಅಡ್ಡ ಹಿಡಿದು ಮುಂದೆ ಬಾಗಿದ. ಅವಳು ಮತ್ತೆ ಕೂಗಿ ಹೇಳಬೇಕಾಯಿತು.